ಬಿರುಗಾಳಿ ಏಳುವ ಮುಂಚೆ: ಅಪೊಸ್ತಲರ ಕೃತ್ಯಗಳು 27ನೇ ಅಧ್ಯಾಯದಿಂದ ಯೌವನಸ್ಥರಿಗೆ ಒಂದು ಪಾಠ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನಿಂದ ಬಂದವರಿಗೂ, ಬೆಂಗಳೂರು ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದು ಆಮೇಲೆ ಇದನ್ನು ಓದುವವರಿಗೂ ವಂದನೆ. ಬೈಬಲ್ ತೆಗೀರಿ, ಅಪೊಸ್ತಲರ ಕೃತ್ಯಗಳು 27. ಪೂರ್ತಿ ಅಧ್ಯಾಯ ಮನೆಗೆ ಹೋಗಿ ಓದ್ರಿ. ಈಗ ನಾನು ಅಲ್ಲಲ್ಲಿ ವಚನದ ಸಂಖ್ಯೆ ಹೇಳ್ತೀನಿ, ನೀವು ಬೆರಳಿಟ್ಟು ನೋಡ್ತಾ ಬನ್ನಿ.

ಈ ಅಧ್ಯಾಯದ ಮೇಲೆ ನಾವು ಕೇಳಿರೋ ಪ್ರಸಂಗಗಳೆಲ್ಲ ಸಾಮಾನ್ಯವಾಗಿ ಒಂದೇ ಕಡೆ ಹೋಗ್ತವೆ. ಜೀವನದ ಬಿರುಗಾಳಿ, ಸಾಲದ ಬಿರುಗಾಳಿ, ಕಾಯಿಲೆಯ ಬಿರುಗಾಳಿ. ತಪ್ಪಲ್ಲ. ಆದ್ರೆ ಇವತ್ತು ನಾನು ಬಿರುಗಾಳಿಯನ್ನ ಬಿರುಗಾಳಿ ಅಂತಲೇ ಓದ್ತೀನಿ, ನೀರನ್ನ ನೀರು ಅಂತಲೇ. ಯಾಕಂದ್ರೆ ನಮ್ಮ ಸಭೆಯಲ್ಲಿ ಎಷ್ಟೋ ಜನರ ಅಪ್ಪ ಅವ್ವ ಇವತ್ತಿಗೂ ಮಲಪ್ರಭೆ ದಂಡಿಯಲ್ಲಿ, ಕೃಷ್ಣೆಯ ಹಿನ್ನೀರಿನ ಪಕ್ಕದಲ್ಲಿ ಇದ್ದಾರೆ.

ಒಂಬತ್ತನೇ ವಚನ ನೋಡ್ರಿ. ಉಪವಾಸದ ದಿನ ಆಗಲೇ ಕಳೆದುಹೋಗಿತ್ತು ಅಂತ ಲೂಕನು ಬರೀತಾನೆ. ಅದು ಯೆಹೂದ್ಯರ ದೋಷಪರಿಹಾರಕ ದಿನ, ಸೆಪ್ಟೆಂಬರ್ ಕೊನೆ ಇಲ್ಲವೇ ಅಕ್ಟೋಬರ್‌ನಲ್ಲಿ ಬರುತ್ತೆ. ಆ ಸಮುದ್ರದಲ್ಲಿ ಅದರ ನಂತರ ಹಡಗು ಬಿಡೋದು ಅಪಾಯ, ನಾವಿಕರಿಗೆಲ್ಲ ಗೊತ್ತಿದ್ದ ಸಂಗತಿ. ಈಗ ನಮ್ಮ ಕ್ಯಾಲೆಂಡರ್ ನೆನಪು ಮಾಡ್ಕೊಳ್ರಿ. 2009ರಲ್ಲಿ ನಮ್ಮ ಉತ್ತರ ಕರ್ನಾಟಕ ಮುಳುಗಿದ್ದು ಯಾವಾಗ? ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳು. ಮಳೆಗಾಲ ಮುಗೀತು ಅಂತ ಜನ ಉಸಿರು ಬಿಟ್ಟಿದ್ದ ಹೊತ್ತು. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ ಆಯ್ತು, ಮಳೆ ಒಳನಾಡಿಗೆ ಬಂತು, ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಸಮುದ್ರ ನಮ್ಮಿಂದ ನೂರಾರು ಕಿಲೋಮೀಟರ್ ದೂರ, ಚಂಡಮಾರುತ ಅಂದ್ರೆ ಮಲ್ಪೆ ಮಂಗಳೂರಿನವರ ಚಿಂತೆ ಅಂತ ಅಂದ್ಕೋತೀವಲ್ಲ, ಹಾಗಲ್ಲ ಪ್ರಿಯರೇ. ಸಮುದ್ರದಲ್ಲಿ ಎದ್ದಿದ್ದು ನಮ್ಮ ಹೊಸ್ತಿಲಿಗೂ ಬರುತ್ತೆ.

ಪೌಲನು ಎಚ್ಚರಿಕೆ ಕೊಟ್ಟ. ಯಾರೂ ಕೇಳಲಿಲ್ಲ. ಶತಾಧಿಪತಿ ಯೂಲ್ಯ ಕೆಟ್ಟವನಲ್ಲ, ಪೌಲನಿಗೆ ದಯೆ ತೋರಿಸಿದವನು. ಆದ್ರೆ 11ನೇ ವಚನದಲ್ಲಿ ಅವನು ಹಡಗು ನಡೆಸೋವನ ಮಾತು, ಹಡಗಿನ ಯಜಮಾನನ ಮಾತು ಹೆಚ್ಚು ನಂಬಿದ. ಅವರಿಗೆ ಅನುಭವ ಇತ್ತು, ಜೊತೆಗೆ ಸರಕೂ ಇತ್ತು. ಗೋಧಿ ತುಂಬಿದ ಹಡಗು, ನಿಂತ್ರೆ ನಷ್ಟ. ಚಂದರೇವು ಚಳಿಗಾಲ ಕಳೆಯೋಕೆ ಅನುಕೂಲ ಇಲ್ಲ, ಇನ್ನೊಂದು ಚೂರು ಮುಂದೆ ಹೋಗೋಣ ಅಂತ ಬಹುಮತ ಆಯ್ತು. ಆಮೇಲೆ 13ನೇ ವಚನ, ನನಗೆ ಈ ಅಧ್ಯಾಯದಲ್ಲಿ ಹೆಚ್ಚು ಭಯ ಹುಟ್ಟಿಸೋ ವಚನ ಇದು. ತೆಂಕಣ ಗಾಳಿ ಮೆಲ್ಲಗೆ ಬೀಸಿತು. ಎಲ್ಲಾ ನಾವು ಅಂದ್ಕೊಂಡ ಹಾಗೇ ಆಯ್ತು ಅಂತ ಅವರು ಲಂಗರು ಎತ್ತಿದರು.

ಆ ಮೆಲ್ಲನೆಯ ಗಾಳಿ ನಮ್ಮ ಊರಿನಲ್ಲಿ ಹೇಗಿರುತ್ತೆ ಗೊತ್ತಾ? ಬಿಸಿಲು. ಆಗಸ್ಟ್ 2019, ಬಾದಾಮಿ ತಾಲ್ಲೂಕು. ನಮ್ಮ ಕಡೆ ಮಳೆ ಅಂದ್ರೆ ಎಷ್ಟು ಬರುತ್ತೆ ನಿಮಗೇ ಗೊತ್ತು, ಬರಗಾಲದ ಸೀಮೆ. ಮಲಪ್ರಭೆ ಹುಟ್ಟೋದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಪಶ್ಚಿಮ ಘಟ್ಟದ ದಟ್ಟ ಮಳೆಯಲ್ಲಿ. ಅಲ್ಲಿ ಬಿದ್ದ ನೀರು ಸವದತ್ತಿ ತಾಲ್ಲೂಕಿನ ನವಿಲುತೀರ್ಥ ಡ್ಯಾಮಿಗೆ ಬರುತ್ತೆ. ಅದು ತುಂಬೋ ಮಟ್ಟ 2079.50 ಅಡಿ. ತುಂಬಿದ ಮೇಲೆ ಗೇಟು ತೆಗೀಲೇಬೇಕು. ಆ ನೀರು ಕೊಣ್ಣೂರು, ಗೋವನಕೊಪ್ಪ ದಾಟಿ, ಪಟ್ಟದಕಲ್ಲು, ಐಹೊಳೆ ಮುಟ್ಟಿ, ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತೆ. ಅಂದ್ರೆ ನಿನ್ನ ಮನೆ ಮೇಲೆ ಒಂದು ಹನಿ ಬೀಳದೇ ಇದ್ರೂ ನಿನ್ನ ಮನೆಯೊಳಗೆ ಎದೆಮಟ್ಟ ನೀರು ಬರಬಹುದು. ಆ ವರ್ಷ ಪಟ್ಟದಕಲ್ಲಿನ ದೇವಾಲಯಗಳ ಆವರಣಕ್ಕೇ ನೀರು ನುಗ್ಗಿತ್ತು, ಹುಬ್ಬಳ್ಳಿ–ಸೊಲ್ಲಾಪುರ ಹೆದ್ದಾರಿ ಕೊಣ್ಣೂರಿನ ಹತ್ತಿರ ಬಂದ್ ಆಗಿತ್ತು.

ಆಕಾಶ ನೋಡಿ ತೀರ್ಮಾನ ಮಾಡಬ್ಯಾಡ್ರಿ. ಅಳೆದು ನೋಡ್ರಿ. 28ನೇ ವಚನಕ್ಕೆ ಬನ್ನಿ. ಹದಿನಾಲ್ಕನೇ ರಾತ್ರಿ, ಏನೂ ಕಾಣಲ್ಲ, ನಾವಿಕರಿಗೆ ದಡ ಹತ್ತಿರ ಇದೆ ಅಂತ ಅನುಮಾನ. ಅವರು ಏನು ಮಾಡಿದರು? ಗುಂಡು ಇಳಿಸಿ ಆಳ ನೋಡಿದರು. ಇಪ್ಪತ್ತು ಮಾರು. ಸ್ವಲ್ಪ ಮುಂದೆ ಹೋಗಿ ಮತ್ತೆ ಇಳಿಸಿದರು, ಹದಿನೈದು ಮಾರು. ಎರಡು ಸಲ ಅಳೆದ ಮೇಲೆ ನಾಲ್ಕು ಲಂಗರು ಬಿಟ್ಟರು. ಒಂದು ಅಳತೆ ಸಾಲದು, ಎರಡನ್ನ ಹೋಲಿಸಿದಾಗಲೇ ಯಾವ ಕಡೆ ಹೋಗ್ತಿದೀವಿ ಅಂತ ತಿಳಿಯೋದು. ಡ್ಯಾಮಿನ ಮಟ್ಟ ಇವತ್ತು ಎಷ್ಟು, ನಿನ್ನೆ ಎಷ್ಟಿತ್ತು, ಹೊರಹರಿವು ಎಷ್ಟು ಕ್ಯೂಸೆಕ್ಸ್ ಅಂತ ಮಳೆಗಾಲದಲ್ಲಿ ಪೇಪರಿನಲ್ಲಿ ದಿನಾ ಬರುತ್ತೆ. ಒಂದು ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. ಒಂದು ಲಕ್ಷ ಕ್ಯೂಸೆಕ್ಸ್ ಬಿಟ್ಟರು ಅಂದ್ರೆ ಸೆಕೆಂಡಿಗೆ 28 ಲಕ್ಷ ಲೀಟರ್. ಆ ಸಂಖ್ಯೆ ನಿಮ್ಮ ಅಪ್ಪನಿಗೆ ಅರ್ಥ ಆಗದೇ ಇರಬಹುದು, ನಿಮಗೆ ಆಗುತ್ತಲ್ಲ. ಹವಾಮಾನ ಇಲಾಖೆ ಬೆಳಗಾವಿಗೆ ಆರೆಂಜ್ ಅಲರ್ಟ್ ಕೊಟ್ಟರೆ ತಯಾರಾಗಿರಿ ಅಂತ, ರೆಡ್ ಕೊಟ್ಟರೆ ಈಗಲೇ ಹೆಜ್ಜೆ ಇಡ್ರಿ ಅಂತ. ನಮ್ಮ ಜಿಲ್ಲೆಗೆ ಯಾವ ಬಣ್ಣವೂ ಇಲ್ಲ ಅಂತ ಸುಮ್ಮನೆ ಕೂಡಬಾರದು. ಮಲಪ್ರಭೆ ದಂಡಿಯವರು ಬೆಳಗಾವಿಯ ಬಣ್ಣ ನೋಡಬೇಕು.

ಈಗ ಕಷ್ಟದ ಪ್ರಶ್ನೆ. ನಾವು ಪೆಂತೆಕೊಸ್ತರು, ಪ್ರಾರ್ಥನೆಯ ಜನ. ಗಾಳಿ ಗದರಿಸಿದ ಕರ್ತನನ್ನು ನಂಬಿದವರು. ಹಾಗಿದ್ರೆ ಮನೆ ಬಿಟ್ಟು ಹೋಗೋದು ಅವಿಶ್ವಾಸ ಅಲ್ವಾ? ಇದನ್ನ ಕೇಳೋವ್ರು ಇದ್ದಾರೆ. ನದಿ ದಂಡೀ ಊರಿನ ನಮ್ಮ ಒಬ್ಬ ಅಜ್ಜಿ, ನೀರು ಓಣಿಗೆ ಬಂದ ಮೇಲೂ ಮಂಚದ ಮೇಲೆ ಕೂತು ಪ್ರಾರ್ಥನೆ ಮಾಡ್ತಾ ಇದ್ದರು. ಬೆಂಗಳೂರಿನಿಂದ ಮಗ ಫೋನ್ ಮಾಡಿ, "ಹೆದರಬ್ಯಾಡ ಅವ್ವ, ದೇವರು ನೋಡ್ಕೋತಾನ" ಅಂದ. ಪಕ್ಕದ ಮನೆಯವರು, ನಮ್ಮ ಸಭೆಯವರಲ್ಲ, ಟ್ರ್ಯಾಕ್ಟರ್ ತಂದು ನಿಲ್ಲಿಸಿದರು. "ಯಮ್ಮಾ, ನಿಮ್ಮ ದೇವರಿಗೆ ನಾ ಆಮ್ಯಾಲೆ ಹೇಳ್ತೀನಿ, ಮೊದಲ ಟ್ರ್ಯಾಲಿ ಹತ್ತರಿ" ಅಂತ ಕೈ ಹಿಡಿದು ಹತ್ತಿಸಿದರು. ಅಜ್ಜಿ ಉಳಿದರು. ದೇವರು ನೋಡ್ಕೊಂಡನೋ ಇಲ್ಲವೋ? ನೋಡ್ಕೊಂಡ. ಟ್ರ್ಯಾಕ್ಟರ್ ಕಳಿಸಿ ನೋಡ್ಕೊಂಡ. ಆಮೆನ್ ಅಂತೀರಾ?

ಇದು ನನ್ನ ಸ್ವಂತ ಉಪಾಯದ ಮಾತಲ್ಲ, ಅಧ್ಯಾಯದಲ್ಲೇ ಇದೆ. 22ರಿಂದ 24ನೇ ವಚನದವರೆಗೆ ನೋಡ್ರಿ. ದೇವದೂತನು ಬಂದು ಪೌಲನಿಗೆ ಮಾತು ಕೊಟ್ಟ, ಹಡಗಿನಲ್ಲಿರೋ ಒಬ್ಬರ ಪ್ರಾಣವೂ ಹೋಗಲ್ಲ ಅಂತ. ಇದಕ್ಕಿಂತ ಗಟ್ಟಿ ವಾಗ್ದಾನ ಇನ್ನೇನು ಬೇಕು? ಈಗ 31ಕ್ಕೆ ಬನ್ನಿ. ನಾವಿಕರು ಲಂಗರು ಹಾಕೋ ನೆಪ ಮಾಡಿ ಸಣ್ಣ ದೋಣಿಯಲ್ಲಿ ಪಾರಾಗೋಕೆ ನೋಡ್ತಾರೆ. ಆಗ ಅದೇ ಪೌಲ ಹೇಳ್ತಾನೆ, ಇವರು ಹಡಗಿನಲ್ಲಿ ಉಳಿಯದೇ ಹೋದ್ರೆ ನೀವು ಉಳಿಯಲ್ಲ ಅಂತ. ವಾಗ್ದಾನ ಸಿಕ್ಕವನೇ ಹೀಗೆ ಮಾತಾಡ್ತಾ ಇದ್ದಾನೆ! ಬೈಬಲ್ ಕಾಲೇಜಿನಲ್ಲಿ ಈ ಎರಡು ವಚನ ಪಕ್ಕಪಕ್ಕ ಇಟ್ಟು ನಾವು ಎಷ್ಟೋ ಹೊತ್ತು ವಾದ ಮಾಡಿದ್ದೀವಿ. ನನಗೆ ಈಗ ಅದು ವಾದದ ವಿಷಯ ಅಂತ ಅನ್ನಿಸಲ್ಲ. ದೇವರು ಕೊಟ್ಟ ಮಾತು ನೆರವೇರೋದು ನಾವಿಕರ ಕೈಯಿಂದ, ಹಗ್ಗದಿಂದ, ಹಲಗೆಯಿಂದ. 17ನೇ ವಚನದಲ್ಲಿ ಹಡಗಿನ ಸುತ್ತ ಹಗ್ಗ ಬಿಗಿದರಲ್ಲ, ಅದನ್ನ ಪೌಲ ಅವಿಶ್ವಾಸ ಅಂತ ಬೈಯಲಿಲ್ಲ.

ತಯಾರಿಯಿಂದ ಏನಾಗುತ್ತೆ ಅಂತ ಒಡಿಶಾ ಕರಾವಳಿ ನೋಡ್ರಿ. 1999 ಅಕ್ಟೋಬರ್ 29, ಸೂಪರ್ ಸೈಕ್ಲೋನ್. ಸತ್ತವರು ಹತ್ತಿರ ಹತ್ತಿರ ಹತ್ತು ಸಾವಿರ. ಆಮೇಲೆ ಆ ರಾಜ್ಯ ವಿಪತ್ತಿಗೆ ಅಂತಲೇ ಒಂದು ಸಂಸ್ಥೆ ಕಟ್ಟಿತು, ದಂಡೆಯುದ್ದಕ್ಕೂ ಆಶ್ರಯ ಕಟ್ಟಡ ಎಬ್ಬಿಸಿತು, ಸ್ವಯಂಸೇವಕರಿಗೆ ತರಬೇತಿ ಕೊಟ್ಟಿತು. 2013ರ ಅಕ್ಟೋಬರ್‌ನಲ್ಲಿ ಫೈಲಿನ್ ಬಂತು, ಗಂಟೆಗೆ 200 ಕಿಲೋಮೀಟರ್ ಮೀರಿದ ಗಾಳಿ. ಗಾಳಿಗೆ ಮುಂಚೆ ಸುಮಾರು ಹತ್ತು ಲಕ್ಷ ಜನರನ್ನ ಸಾಗಿಸಿದ್ದರು. ಸತ್ತವರು ನೂರೂ ಮುಟ್ಟಲಿಲ್ಲ. 2019ರ ಮೇ 3, ಪುರಿಯ ಹತ್ತಿರ ಫನಿ, ಮತ್ತೆ ಹತ್ತು ಲಕ್ಷಕ್ಕೂ ಮೀರಿ ಜನರ ಸ್ಥಳಾಂತರ, ಆಗಲೂ ನೂರು ದಾಟಲಿಲ್ಲ. ನಮ್ಮ ರಾಜ್ಯದ ದಂಡೆಗೇ 2021ರ ಮೇ ತಿಂಗಳಲ್ಲಿ ತೌಕ್ತೆ ಬಡಿದು ಹೋಯ್ತು, ಮೀನುಗಾರರು ಸಮುದ್ರಕ್ಕೆ ಇಳಿಯಬಾರದು ಅಂತ ಮುಂಚೆಯೇ ಎಚ್ಚರಿಕೆ ಬಂದಿತ್ತು. (ಮ್ಯಾನ್ಮಾರ್ ಕೊಟ್ಟ ಹೆಸರು ಅದು, ಹಲ್ಲಿ ಅಂತ ಅರ್ಥ. ನಮ್ಮ ಕಡೆ ಹಲ್ಲಿ ಲೊಚಗುಟ್ಟಿದರೆ ಸತ್ಯ ಅಂತಾರಲ್ಲ, ಇರಲಿ ಬಿಡ್ರಿ.)

ಹತ್ತು ಸಾವಿರಕ್ಕೂ ನೂರಕ್ಕೂ ನಡುವೆ ಇರೋ ಆ ಜನ ಯಾರು? ಮನೆ ಬಿಟ್ಟು ಹೋಗೋಕೆ ಒಪ್ಪಿಕೊಂಡ ಅಜ್ಜಿಯರು, ಬಾಣಂತಿಯರು, ಅವರನ್ನ ಹೊತ್ತುಕೊಂಡು ಹೋದ ಹುಡುಗರು. ಪ್ರವಾಹ ಬಂದಿದ್ದು ಆ ಊರಿನವರ ಪಾಪಕ್ಕೆ ಅಂತ ಮಾತಾಡೋರಿಗೆ ನಾನು ಒಂದೇ ಕೇಳ್ತೀನಿ, ಒಡಿಶಾದವರ ಪಾಪ ಹದಿನಾಲ್ಕು ವರ್ಷದಲ್ಲಿ ಅಷ್ಟು ಕಡಿಮೆ ಆಯ್ತಾ? ದಯಮಾಡಿ ಅಂಥ ಮಾತು ನಮ್ಮ ಬಾಯಲ್ಲಿ ಬರಬಾರದು. ಇಂಥ ತಾರೀಖಿಗೆ ಡ್ಯಾಮ್ ಒಡೆಯುತ್ತೆ ಅಂತ ವಾಟ್ಸಾಪ್‌ನಲ್ಲಿ ಬರೋ ಪ್ರವಾದನೆಗಳನ್ನೂ ಫಾರ್ವರ್ಡ್ ಮಾಡಬ್ಯಾಡ್ರಿ. ಸುಳ್ಳು ಎಚ್ಚರಿಕೆ ಹತ್ತು ಸಲ ಕೇಳಿದವರು ನಿಜವಾದ ಡಂಗುರ ಬಂದಾಗ ಎದ್ದೇಳಲ್ಲ.

ಅಪ್ಪ ಅವ್ವ ಯಾಕೆ ಮನೆ ಬಿಡಲ್ಲ? ಮೊಂಡುತನ ಅಂತ ನಗರದಲ್ಲಿ ಕೂತು ಹೇಳೋದು ಸುಲಭ. ಹೋಗಿ ಕೇಳಿದ್ರೆ ಮೊದಲ ಉತ್ತರ ದನ. ಎಮ್ಮೆ, ಎತ್ತು, ನಾಲ್ಕು ಆಡು. ಕಾಳಜಿ ಕೇಂದ್ರದಲ್ಲಿ ಮನುಷ್ಯರಿಗೆ ಊಟ ಇರುತ್ತೆ, ಎಮ್ಮೆಗೆ ಮೇವು ಎಲ್ಲಿ? 2009ರ ನಂತರ ಆಸರೆ ಮನೆಗಳು ಕಟ್ಟಿದರು, ಎಷ್ಟೋ ಕಡೆ ಖಾಲಿ ಬಿದ್ದವು, ಜನ ಹಳೇ ಊರಿಗೇ ತಿರುಗಿ ಹೋದರು. ಹೊಲ ದೂರ, ದನ ಕಟ್ಟೋಕೆ ಜಾಗ ಇಲ್ಲ. ಊರು ಬಿಡೋ ಸಂಕಟ ಏನು ಅಂತ ಬಾಗಲಕೋಟೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೇ ಊರು ಬಿಟ್ಟು ನವನಗರಕ್ಕೆ ಬಂದ ಮನೆತನಗಳು ಇಲ್ಲೇ ಕೂತಿವೆ. ಅದಕ್ಕೇ "ಬಾ ಅವ್ವ" ಅಂದ್ರೆ ಸಾಲದು. ಎಮ್ಮೆ ಎಲ್ಲಿ ಕಟ್ಟೋದು ಅಂತ ಮೊದಲೇ ಗೊತ್ತು ಮಾಡಿ ಆಮೇಲೆ ಕರೀರಿ. ಎತ್ತರದಲ್ಲಿರೋ ನೆಂಟರ ಹೊಲ, ಪರಿಚಯದವರ ಕಣ, ಈಗಲೇ ಮಾತಾಡಿ ಇಡ್ರಿ. ಕೊನೇ ಗಳಿಗೆಯಲ್ಲಿ ದನ ಸಾಗಿಸೋಕೆ ಆಗದಿದ್ರೆ ಕನಿಷ್ಠ ಹಗ್ಗ ಬಿಚ್ಚಬೇಕು. ಕಟ್ಟಿದ ದನ ನಿಂತಲ್ಲೇ ಮುಳುಗುತ್ತೆ, ಬಿಟ್ಟ ದನ ಈಜುತ್ತೆ.

18, 19ನೇ ವಚನಗಳಲ್ಲಿ ಮೊದಲು ಸರಕು ಎಸೆದರು, ಮೂರನೇ ದಿನ ಹಡಗಿನ ಸಾಮಾನನ್ನೇ ಎಸೆದರು, ಕೊನೆಗೆ 38ರಲ್ಲಿ ಗೋಧಿ. ಯಾವುದನ್ನ ಬಿಡಬೇಕು ಅಂತ ಬಿರುಗಾಳಿಯೊಳಗೆ ನಿಂತು ತೀರ್ಮಾನ ಮಾಡಬೇಕಾಯ್ತು. ನೀವು ಈಗ ಮಾಡ್ರಿ. ಪಹಣಿ, ರೇಷನ್ ಕಾರ್ಡ್, ಆಧಾರ್, ಬ್ಯಾಂಕ್ ಪಾಸ್‌ಬುಕ್, ತಂಗಿಯ ಮಾರ್ಕ್ಸ್ ಕಾರ್ಡ್ ಎಲ್ಲ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ, ಬಾಗಿಲ ಹತ್ತಿರ. ಬಿಪಿ, ಶುಗರ್ ಮಾತ್ರೆ ಅದರಲ್ಲೇ. ಹೋಗುವಾಗ ಮೇನ್ ಸ್ವಿಚ್ ಆಫ್, ಗ್ಯಾಸ್ ರೆಗ್ಯುಲೇಟರ್ ಬಂದ್. ನಮ್ಮ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇದಕ್ಕೇ ಹುಟ್ಟಿದ ಹಾಗಿದೆ, ಒಲೆ ಇಲ್ಲದೇ ಎಷ್ಟೋ ದಿನ ನಡೆಯುತ್ತೆ. ಇಳಕಲ್ಲಿನ ನೇಕಾರ ಮನೆಯವರಿಗೆ ಒಂದು ಮಾತು. ಕುಣಿಮಗ್ಗ ಇರೋ ಮನೆಗೆ ನದಿ ಬೇಕಾಗಿಲ್ಲ, ತಗ್ಗಿನಲ್ಲಿದ್ರೆ ಜೋರು ಮಳೆ ಸಾಕು. ನೂಲು, ರೇಷ್ಮೆ, ನೇಯ್ದ ಸೀರೆ ಅಟ್ಟಕ್ಕೆ ಏರಿಸಿ ಇಡ್ರಿ.

ಹುಡುಗರಿಗೆ ಇನ್ನೊಂದು. ಸೇತುವೆ ಮೇಲೆ ನೀರು ಹರಿಯುವಾಗ ಬೈಕ್ ಇಳಿಸಬ್ಯಾಡ್ರಿ, ರೀಲ್ಸ್ ಮಾಡಬ್ಯಾಡ್ರಿ. ಹರಿಯೋ ನೀರು ಅರ್ಧ ಅಡಿ ಇದ್ರೆ ನಿಂತ ಮನುಷ್ಯನನ್ನ ಬೀಳಿಸುತ್ತೆ, ಎರಡು ಅಡಿ ಕಾರನ್ನೇ ತೇಲಿಸಿಕೊಂಡು ಹೋಗುತ್ತೆ. ಯಾರಾದ್ರೂ ಸಿಕ್ಕಿಕೊಂಡಿದ್ರೆ 112ಕ್ಕೆ ಇಲ್ಲವೇ ಜಿಲ್ಲಾ ಸಹಾಯವಾಣಿ 1077ಕ್ಕೆ ಫೋನ್ ಮಾಡ್ರಿ, ಈಜು ಬರದೆ ಧುಮುಕಬ್ಯಾಡ್ರಿ. 43, 44ನೇ ವಚನದಲ್ಲಿ ಈಜು ಬರೋವ್ರನ್ನ ಮೊದಲು ಬಿಟ್ಟರು, ಬಾರದವರಿಗೆ ಹಲಗೆ ಕೊಟ್ಟರು.

ಆ ಹಡಗಿನಲ್ಲಿ 276 ಜನ ಅಂತ ಲೂಕ ಎಣಿಸಿ ಬರೆದಿದ್ದಾನೆ. ಕೈದಿಗಳು, ಸಿಪಾಯಿಗಳು, ನಾವಿಕರು. ವಿಶ್ವಾಸಿಗಳು ಬೆರಳೆಣಿಕೆ. ಪೌಲ ರೊಟ್ಟಿ ಮುರಿದು ಸ್ತೋತ್ರ ಮಾಡಿ ಎಲ್ಲರಿಗೂ ಉಣ್ಣೋ ಧೈರ್ಯ ಹೇಳಿದ. ಹಾಗಾಗಿ ಪಟ್ಟಿ ಮಾಡುವಾಗ ಸಭೆಯ ಮನೆ ಮಾತ್ರ ಬರೀಬ್ಯಾಡ್ರಿ. ಓಣಿಯಲ್ಲಿ ಒಬ್ಬರೇ ಇರೋ ಮುದುಕರು, ಬಸುರಿ ಹೆಂಗಸರು, ನಡೆಯೋಕೆ ಆಗದವರು, ಯಾವ ದೇವರಿಗೆ ಕೈ ಮುಗಿದ್ರೂ ಸರಿ, ಬರೀರಿ. ಆ ಟ್ರ್ಯಾಕ್ಟರ್ ಅಣ್ಣ ನಮ್ಮ ಅಜ್ಜಿಯ ಜಾತಿ ಧರ್ಮ ಕೇಳಿರಲಿಲ್ಲ.

ಈಗ ಫೋನ್ ತೆಗೀರಿ. ನದಿ ದಂಡೀ ಊರಿನವರು ಮನೆಗೆ ಫೋನ್ ಹಚ್ಚಿ ಎರಡು ವಿಷಯ ಕೇಳಿ ಬರ್ಕೊಳ್ರಿ: ನೀರು ಬಂದ್ರೆ ಯಾರ ಮನೆಗೆ ಹೋಗ್ತೀರಿ, ಎಮ್ಮೆ ಎಲ್ಲಿ ಕಟ್ಟತೀರಿ. ಉತ್ತರ ಇಲ್ಲದ ಮನೆಗಳ ಚೀಟಿ ನನ್ನ ಕೈಗೆ ಕೊಡ್ರಿ. ಬಾಗಲಕೋಟೆಯ ನಾಲ್ಕು ಮನೆಯವರು ಈಗಾಗಲೇ ಜಾಗ ಕೊಡ್ತೀವಿ ಅಂದಿದ್ದಾರೆ, ಒಬ್ಬರು ಹೊಲದಲ್ಲಿ ದನ ಕಟ್ಟೋಕೂ ಒಪ್ಪಿದ್ದಾರೆ. ಹತ್ತು ನಿಮಿಷ ಆದ ಮೇಲೆ ಚೀಟಿಗಳನ್ನ ಮುಂದೆ ಇಟ್ಟು, ಒಂದೊಂದು ಊರಿನ ಹೆಸರು ಹೇಳಿ ಪ್ರಾರ್ಥನೆ ಮಾಡೋಣ.