ಮುಯ್ಯಿ: ಕೊಟ್ಟು ಕೊಳ್ಳುವ ಬಾಳು

ಹೊಸೂರು ಸೀಮೆಯ ನಾವು ಮೂರು ನುಡಿಗಳ ನಡುವೆ ಬಾಳುವವರು. ಮದುವೆಮನೆಯಲ್ಲಿ ನೆಂಟರಿಷ್ಟರು ಕೊಡುವ ಹಣಕ್ಕೆ ಕನ್ನಡದಲ್ಲಿ ‘ಮುಯ್ಯಿ’ ಎನ್ನುತ್ತೇವೆ. ತಮಿಳರು ‘ಮೊಯ್’ ಎನ್ನುತ್ತಾರೆ. ತೆಲುಗರು ‘ಚದಿವಿಂಪುಲು’, ಅಂದರೆ ಓದಿಸುವುದು ಎನ್ನುತ್ತಾರೆ. ನಾವೂ ‘ಮುಯ್ಯಿ ಓದಿಸುವುದು’ ಎನ್ನುತ್ತೇವಷ್ಟೆ. ಕೊಟ್ಟವರ ಹೆಸರು, ಮೊತ್ತಗಳನ್ನು ಹತ್ತು ಜನ ಕೇಳುವಂತೆ ಓದಿ, ಪುಸ್ತಕದಲ್ಲಿ ಬರೆದಿಡುವುದು ವಾಡಿಕೆ. ಉಡುಗೊರೆಗೆ ಲೆಕ್ಕವೇಕೆ? ಇದನ್ನು ಇಲ್ಲಿ ವಿಚಾರ ಮಾಡೋಣ.

ನೆರೆಹೊರೆಯ ಕೊಡುಕೊಳೆಯಲ್ಲಿ ನಾಲ್ಕು ಬಗೆಗಳುಂಟು. ಮೊದಲನೆಯದು ಎರವಲು. ಏಣಿ, ಹಾರೆ, ಹಂಡೆ ಮುಂತಾಗಿ ತಂದ ವಸ್ತುವನ್ನೇ ಹಿಂದಿರುಗಿಸಬೇಕು. ಎರಡನೆಯದು ಕೈಬದಲು. ಒಂದು ಸೇರು ರಾಗಿ ತಂದವರು ಒಂದು ಸೇರು ಅಳೆದು ಕೊಡಬೇಕು. ಮೂರನೆಯದು ಮುಯ್ಯಾಳು. ನಾಲ್ಕನೆಯದು ಮುಯ್ಯಿ. ಇನ್ನು ಹೆಪ್ಪಿಗೆ ಒಂದು ಚಮಚ ಮೊಸರು, ಒಗ್ಗರಣೆಗೆ ನಾಲ್ಕು ಎಸಳು ಕರಿಬೇವು ಕೊಟ್ಟುದನ್ನು ಯಾರೂ ಲೆಕ್ಕವಿಡುವುದಿಲ್ಲ. ಆದರೂ ನೆರೆಮನೆಯಿಂದ ಬಂದ ಪಾತ್ರೆಯನ್ನು ಬರಿದಾಗಿ ಕಳಿಸಬಾರದೆಂದು ಹಿರಿಯರು ಹೇಳುತ್ತಾರೆ.

ಮುಯ್ಯಾಳಿನ ಕ್ರಮ ಬಲು ಜಾಣತನದ್ದು. ರಾಗಿ ಕೊಯ್ಲು ಬಂದಾಗ ಒಂದು ಮನೆಯ ಕೈಗಳು ಸಾಲವು, ಕೂಲಿಗೆ ಹಣವಿರದು. ಎಲ್ಲರ ಹೊಲವೂ ಒಂದೇ ದಿನ ಬಲಿಯುವುದಿಲ್ಲವಾದ್ದರಿಂದ ಇಂದು ಇವರ ಹೊಲಕ್ಕೆ, ನಾಳೆ ಅವರ ಹೊಲಕ್ಕೆ ಎಲ್ಲರೂ ಹೋಗುತ್ತಾರೆ. ಒಂದು ದಿನದ ದುಡಿಮೆಗೆ ಒಂದು ದಿನದ ದುಡಿಮೆಯೇ ಬೆಲೆ.

‘ಮುಯ್ಯಿ’ ಎಂದರೆ ಪ್ರತಿಯಾಗಿ ಮಾಡುವುದು ಎಂದರ್ಥ. ಹಗೆ ತೀರಿಸುವುದಕ್ಕೂ ‘ಮುಯ್ಯಿ ತೀರಿಸಿಕೊಳ್ಳುವುದು’ ಎನ್ನುತ್ತೇವೆ. ಉಪಕಾರವಾಗಲಿ ಅಪಕಾರವಾಗಲಿ ಮರಳಿ ಬರುತ್ತದೆಂಬ ತಿಳಿವು ಈ ಒಂದೇ ಮಾತಿನಲ್ಲಿದೆ. ಫ್ರಾನ್ಸಿನ ವಿದ್ವಾಂಸ ಮಾರ್ಸೆಲ್ ಮೋಸ್ ಅನೇಕ ಜನಾಂಗಗಳ ಕೊಡುಗೆಯ ಪದ್ಧತಿಗಳನ್ನು ಹೋಲಿಸಿ 1925ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದನ್ನೇ ವಿವರಿಸಿದ್ದಾನೆ. ಕೊಡುವುದು, ಸ್ವೀಕರಿಸುವುದು, ಮರಳಿಸುವುದು ಎಂಬ ಮೂರು ಕಟ್ಟುಪಾಡುಗಳು ಉಡುಗೊರೆಯಲ್ಲಿ ಅಡಗಿವೆಯೆಂದು ಅವನ ಮತ. ಅಂಗಡಿಯಲ್ಲಿ ಹಣ ಕೊಟ್ಟೊಡನೆ ಸಂಬಂಧ ಮುಗಿಯುತ್ತದೆ. ಮುಯ್ಯಿಯಲ್ಲಿ ಬಾಕಿ ಉಳಿಯುವುದರಿಂದಲೇ ಸಂಬಂಧವೂ ಉಳಿಯುತ್ತದೆ.

ಆದರೆ ಹಳೆಯದೆಲ್ಲ ಒಳ್ಳೆಯದೆಂದು ನಾವು ಹೊಗಳಬೇಕಾಗಿಲ್ಲ. ಹೊಲವಿಲ್ಲದವನಿಗೆ ಮುಯ್ಯಾಳಿನಿಂದ ಏನು ಲಾಭ? ಅವನ ಪಾಲಿಗೆ ಕೂಲಿಯೇ ಗತಿ. ಕೈಬದಲಿನ ರಾಗಿ ದಾಟಿದ ಬೇಲಿಯನ್ನು ಬೇಯಿಸಿದ ಅನ್ನ ದಾಟದಂತೆ ಜಾತಿ ತಡೆಯುತ್ತಿತ್ತು. ಪುದುಕ್ಕೋಟೆ, ತಂಜಾವೂರು ಜಿಲ್ಲೆಗಳ ಕೆಲವು ಊರುಗಳಲ್ಲಿ ಹಣ ಕೂಡಿಸುವುದಕ್ಕೆಂದೇ ‘ಮೊಯ್ ವಿರುಂದು’ ಎಂಬ ಔತಣಗಳು ನಡೆಯುತ್ತವೆ. ಬಂದ ಹಣಕ್ಕೆ ಇನ್ನಷ್ಟು ಸೇರಿಸಿ ಮರಳಿಸಬೇಕು. ಕಷ್ಟಕ್ಕೆ ಒದಗಿದ ಹಣವೇ ಮರಳಿಸಲಾರದವನಿಗೆ ಹೊರೆಯಾಗುತ್ತದೆ. ನಮ್ಮಲ್ಲಿಯೂ ಮುಯ್ಯಿಗೆ ಹಣವಿಲ್ಲವೆಂದು ಬಡವರು ಮದುವೆಗೇ ಹೋಗದೆ ಉಳಿಯುವುದುಂಟು. ಜನರನ್ನು ಕೂಡಿಸಬೇಕಾದ ಪದ್ಧತಿ ಹೀಗೆ ಅವರನ್ನು ಅಗಲಿಸಬಾರದು.

ಆದ್ದರಿಂದ ವಿದ್ಯಾರ್ಥಿ ಮಿತ್ರರು ಮನೆಯ ಹಳೆಯ ಮುಯ್ಯಿ ಪುಸ್ತಕವನ್ನು ಹಿರಿಯರೊಡನೆ ಕುಳಿತು ಒಮ್ಮೆ ಓದಲಿ. ಯಾರು ಯಾವ ಕಷ್ಟದಲ್ಲಿ ಒದಗಿದರೆಂಬುದು ಅದರಿಂದ ತಿಳಿಯುತ್ತದೆ. ಹಿರಿಯರಲ್ಲಿಯೂ ನಮ್ಮದೊಂದು ಬಿನ್ನಹ: ಹಣ ತಂದವನ ಹೆಸರು ಓದುವಂತೆ, ಬರಿಗೈಯಲ್ಲಿ ಬಂದು ಚಪ್ಪರ ಕಟ್ಟಿದವನ, ನೀರು ಹೊತ್ತವಳ ಹೆಸರನ್ನೂ ಓದಿಸೋಣ. ಮುಯ್ಯಾಳಿನಲ್ಲಿ ದುಡಿಮೆಗೆ ದುಡಿಮೆ ಸಮವೆಂದು ಒಪ್ಪಿದ ನಾವು ಮದುವೆಯ ಚಪ್ಪರದಲ್ಲಿ ಅದನ್ನೇಕೆ ಮರೆಯಬೇಕು?