ಎದ್ದು ನಿಂತು ಮಾತಾಡುವ ಪಂದ್ಯ

ಕಬಡ್ಡಿ ಪಂದ್ಯವನ್ನು ನಾವೆಲ್ಲ ನೋಡಿದ್ದೇವೆ. ಅಲ್ಲಿ ಮೈಯ ಕಸುವು ಬೇಕು. ಮಾತಿಗೂ ಒಂದು ಪಂದ್ಯ ಇದೆ. ಅಲ್ಲಿ ಬುದ್ಧಿ ಬೇಕು, ಧೈರ್ಯ ಬೇಕು. ಅದಕ್ಕೆ ಭಾಷಣ ಸ್ಪರ್ಧೆ, ಚರ್ಚಾ ಸ್ಪರ್ಧೆ ಎಂದು ಹೆಸರು.

ಕಿನ್ನರ, ಕಡವಾಡ, ಅಂಕೋಲೆ ಕಡೆಯ ಹೈಸ್ಕೂಲು ಮಕ್ಕಳು ಮನೆಗೆ ಬಂದು ಹೇಳ್ತಾರೆ: "ಆಯಿ, ಚರ್ಚಾ ಸ್ಪರ್ಧೆಗೆ ನನ್ನ ಹೆಸರು ಬಂದಿದೆ. ತಾಲೂಕಿಗೆ ಹೋಗಬೇಕು."

ಗಂಡು ಹುಡುಗನಾದರೆ ನಾವು "ಹೋಗಿ ಬಾ" ಅಂತೇವೆ. ಹೆಣ್ಣು ಹುಡುಗಿಯಾದರೆ? "ಅಷ್ಟು ದೂರ ಯಾಕೆ? ಮಾತು ಕಲಿತು ಏನಾಗಬೇಕು?" ಅಂತೇವೆ. ಹಾಗೆ ಹೇಳುವ ಮೊದಲು ಈ ಪಂದ್ಯ ಏನು, ಹೇಗೆ ನಡೀತದೆ ಅಂತ ತಿಳಿಯೋಣ.

ಪಂದ್ಯದ ಮೆಟ್ಟಿಲುಗಳು

ನಮ್ಮ ರಾಜ್ಯದ ಶಾಲೆಗಳಲ್ಲಿ 'ಪ್ರತಿಭಾ ಕಾರಂಜಿ' ನಡೆಯುತ್ತದೆ. ಇದು ಶಾಲಾ ಶಿಕ್ಷಣ ಇಲಾಖೆಯ ಕಾರ್ಯಕ್ರಮ. ಶುರುವಾಗಿ ಇಪ್ಪತ್ತು ವರ್ಷಕ್ಕೂ ಮೇಲಾಯಿತು. ಹಾಡು, ಕುಣಿತ, ಚಿತ್ರ, ರಂಗೋಲಿಯ ಜೊತೆಗೆ ಇದರಲ್ಲಿ ಮಾತಿನ ಸ್ಪರ್ಧೆಗಳೂ ಇವೆ.

ಮೊದಲು ಶಾಲೆಯಲ್ಲಿ ಆಯ್ಕೆ. ಆಮೇಲೆ ಕ್ಲಸ್ಟರ್. ಅಂದರೆ ಹತ್ತಿರದ ಕೆಲವು ಶಾಲೆಗಳ ಗುಂಪು. ಅಲ್ಲಿ ಗೆದ್ದವರು ತಾಲೂಕಿಗೆ ಹೋಗುತ್ತಾರೆ. ತಾಲೂಕಿನಲ್ಲಿ ಗೆದ್ದವರು ಜಿಲ್ಲೆಗೆ, ಜಿಲ್ಲೆಯಲ್ಲಿ ಗೆದ್ದವರು ರಾಜ್ಯಕ್ಕೆ.

ಉತ್ತರ ಕನ್ನಡದಲ್ಲಿ ಎರಡು ಶೈಕ್ಷಣಿಕ ಜಿಲ್ಲೆಗಳಿವೆ. ಒಂದು ಕಾರವಾರ, ಇನ್ನೊಂದು ಶಿರಸಿ. ಕಾರವಾರ, ಅಂಕೋಲೆ, ಕುಮಟೆ, ಹೊನ್ನಾವರ, ಭಟ್ಕಳ ತಾಲೂಕುಗಳ ಮಕ್ಕಳು ಕಾರವಾರ ಜಿಲ್ಲೆಗೆ ಸೇರುತ್ತಾರೆ.

ಮೂರು ಬಗೆಯ ಮಾತು

ಒಂದು, ಭಾಷಣ. ವಿಷಯ ಮೊದಲೇ ತಿಳಿದಿರುತ್ತದೆ. ಮನೆಯಲ್ಲಿ ತಯಾರಾಗಿ ಬರಬಹುದು. ಕನ್ನಡ ಮಾತ್ರವಲ್ಲ, ಬೇರೆ ಭಾಷೆಗಳಲ್ಲೂ ಭಾಷಣ ಸ್ಪರ್ಧೆ ಉಂಟು. ಕೊಂಕಣಿಯಲ್ಲೂ ಉಂಟು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಾತು ಕೊಂಕಣಿ, ಶಾಲೆಯಲ್ಲಿ ಕನ್ನಡ. ಅಂಥ ಮಕ್ಕಳು "ನನ್ನ ಕನ್ನಡ ತಪ್ಪಾದರೆ ನಗ್ತಾರೆ" ಎಂದು ಹಿಂದೆ ಸರಿಯಬೇಕಿಲ್ಲ. ಮನೆಮಾತಿನಲ್ಲೇ ಧೈರ್ಯ ಕಲಿಯಬಹುದು.

ಎರಡು, ಆಶುಭಾಷಣ. ಇಲ್ಲಿ ವಿಷಯ ಮೊದಲೇ ಗೊತ್ತಿರುವುದಿಲ್ಲ. ಮಗು ಒಂದು ಚೀಟಿ ಎತ್ತುತ್ತದೆ. ಚೀಟಿಯಲ್ಲಿ ವಿಷಯ ಇರುತ್ತದೆ. ಸ್ವಲ್ಪ ಹೊತ್ತು ಯೋಚಿಸಿ ಮಾತಾಡಬೇಕು.

ಮೂರು, ಚರ್ಚೆ. ಒಂದು ಮಾತನ್ನು ಮುಂದಿಡುತ್ತಾರೆ. ಅದು ಸರಿ ಅನ್ನುವವರು 'ಪರ'. ಸರಿಯಲ್ಲ ಅನ್ನುವವರು 'ವಿರೋಧ'. ಎರಡೂ ಕಡೆಯವರು ಕಾರಣ ಕೊಡಬೇಕು.

ಮಾತಿಗೆ ಇಷ್ಟೇ ನಿಮಿಷ ಎಂದು ಲೆಕ್ಕ ಇರುತ್ತದೆ. ಸಮಯ ಮುಗಿಯುತ್ತ ಬಂದರೆ ಒಂದು ಗಂಟೆ ಹೊಡೆಯುತ್ತಾರೆ. ಇನ್ನೊಂದು ಗಂಟೆ ಹೊಡೆದರೆ ನಿಲ್ಲಿಸಬೇಕು. ಮಂತ್ರಿಯ ಮಗನಾದರೂ ಅಷ್ಟೆ, ಮೀನುಗಾರನ ಮಗಳಾದರೂ ಅಷ್ಟೆ.

ಒಂದು ಚರ್ಚೆ ಕೇಳೋಣ

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ಬೋಟುಗಳು ಮೀನು ಹಿಡಿಯುವಂತಿಲ್ಲ. ಒಟ್ಟು 61 ದಿನ. "ಈ ದಿನಗಳನ್ನು ಇನ್ನೂ ಹೆಚ್ಚಿಸಬೇಕು" ಎಂಬುದು ಚರ್ಚೆಯ ವಿಷಯ ಅಂದುಕೊಳ್ಳೋಣ.

ಪರವಾಗಿ ಒಬ್ಬ ಹುಡುಗಿ ಎದ್ದಳು.

"ಮಳೆಗಾಲ ಮೀನು ಮೊಟ್ಟೆ ಇಡುವ ಕಾಲ. ಮರಿ ಬೆಳೆಯಲು ಇನ್ನೂ ಕೆಲವು ದಿನ ಬೇಕು. ಸಣ್ಣ ಬಂಗಡೆ ಬಲೆಗೆ ಬಿದ್ದರೆ ತೂಕವೂ ಇಲ್ಲ, ಬೆಲೆಯೂ ಇಲ್ಲ. ಬಿತ್ತನೆಯ ಭತ್ತವನ್ನೇ ಉಂಡರೆ ಮುಂದಿನ ಬೆಳೆ ಎಲ್ಲಿಂದ ಬರಬೇಕು?"

ವಿರೋಧವಾಗಿ ಒಬ್ಬ ಹುಡುಗ ಎದ್ದ.

"ಬಿತ್ತನೆಯ ಮಾತು ಸರಿ. ಆದರೆ ಬೋಟು ನಿಂತರೂ ಸಾಲದ ಬಡ್ಡಿ ನಿಲ್ಲೋದಿಲ್ಲ. ಬೋಟಿನಲ್ಲಿ ದುಡಿಯುವವನಿಗೆ, ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸಿಗೆ ಆಗ ಗಳಿಕೆ ಕಮ್ಮಿ. ದಿನ ಹೆಚ್ಚಿಸುವ ಬದಲು ಬಲೆಯ ಕಣ್ಣು ದೊಡ್ಡದು ಮಾಡಿ. ಮರಿ ಪಾರಾಗ್ತದೆ."

ಹುಡುಗಿ ಮತ್ತೆ ಎದ್ದಳು.

"ಬಲೆಯ ಕಣ್ಣು ದೊಡ್ಡದಾಗಲಿ, ಒಪ್ಪಿದೆ. ಆದರೆ ನಡುಗಡಲಿನಲ್ಲಿ ಯಾರ ಬಲೆಯ ಕಣ್ಣು ಎಷ್ಟು ಎಂದು ನೋಡುವವರು ಯಾರು? ಬೋಟು ಬಂದರಿನಲ್ಲಿ ನಿಂತಿದ್ದರೆ ಎಲ್ಲರ ಕಣ್ಣಿಗೂ ಕಾಣ್ತದೆ."

ಇದು ಜಗಳವಲ್ಲ, ಗಮನಿಸಿ. ಜಗಳದಲ್ಲಿ ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳೋದೇ ಇಲ್ಲ. ಚರ್ಚೆಯಲ್ಲಿ ಮೊದಲು ಕೇಳಬೇಕು. ಸರಿ ಇದ್ದದ್ದನ್ನು ಒಪ್ಪಬೇಕು. ಆಮೇಲೆ ಕಾರಣ ಕೊಟ್ಟು ಉತ್ತರ ಹೇಳಬೇಕು. ಬೈಗುಳಕ್ಕೆ ಅಲ್ಲಿ ಅಂಕ ಇಲ್ಲ.

ಇನ್ನೊಂದು ಸಂಗತಿ. ಯಾರೋ ಬರೆದುಕೊಟ್ಟದ್ದನ್ನು ಬಾಯಿಪಾಠ ಮಾಡಿದರೆ ಭಾಷಣ ಹೇಗೋ ಆದೀತು. ಚರ್ಚೆಯಲ್ಲಿ ಅದು ನಡೆಯೋದಿಲ್ಲ. ಎದುರಿನವರು ಏನು ಹೇಳ್ತಾರೆ ಎಂದು ಮೊದಲೇ ಬರೆದಿಡಲು ಯಾರಿಂದ ಸಾಧ್ಯ?

ತೀರ್ಪುಗಾರರು ಏನು ನೋಡುತ್ತಾರೆ?

ವಿಷಯ ತಿಳಿದಿದೆಯೇ? ಕಾರಣ ಸರಿಯಾಗಿದೆಯೇ? ಮಾತು ಸ್ಪಷ್ಟವಾಗಿದೆಯೇ? ಎದುರಿನವರಿಗೆ ಉತ್ತರ ಕೊಟ್ಟರೇ? ಸಮಯದೊಳಗೆ ಮುಗಿಸಿದರೇ? ಇವನ್ನು ನೋಡಿ ಅಂಕ ಕೊಡುತ್ತಾರೆ. ಮಗುವಿನ ಜಾತಿ, ಬಟ್ಟೆ, ಮನೆತನ ಇವಕ್ಕೆ ಅಂಕ ಇಲ್ಲ.

ದಿಲ್ಲಿಯವರೆಗೆ

ಮಕ್ಕಳ ಮಾತು ದಿಲ್ಲಿಯನ್ನೂ ಮುಟ್ಟುತ್ತದೆ. ಕೇಂದ್ರ ಸರಕಾರದ ಸಂಸದೀಯ ವ್ಯವಹಾರಗಳ ಇಲಾಖೆ 'ಯುವ ಸಂಸತ್ತು' ಎಂಬ ಸ್ಪರ್ಧೆ ನಡೆಸುತ್ತದೆ. ಇದು 1966-67ರಲ್ಲಿ ದಿಲ್ಲಿಯ ಶಾಲೆಗಳಲ್ಲಿ ಶುರುವಾಯಿತು. 1988ರಲ್ಲಿ ಕೇಂದ್ರೀಯ ವಿದ್ಯಾಲಯಗಳಿಗೆ ಬಂತು. 1997-98ರಲ್ಲಿ ನವೋದಯ ವಿದ್ಯಾಲಯಗಳಿಗೆ ಬಂತು. ನಮ್ಮ ಜಿಲ್ಲೆಯ ನವೋದಯ ಶಾಲೆ ಮುಂಡಗೋಡದಲ್ಲಿದೆ.

ಇದರಲ್ಲಿ ಮಕ್ಕಳೇ ಪ್ರಧಾನಿ, ಮಕ್ಕಳೇ ಮಂತ್ರಿ, ಮಕ್ಕಳೇ ಸಭಾಧ್ಯಕ್ಷರು. ವಿರೋಧ ಪಕ್ಷವೂ ಉಂಟು. ಸುಮಾರು ಒಂದು ಗಂಟೆ ಸಂಸತ್ತಿನಂತೆಯೇ ಸಭೆ ನಡೆಸುತ್ತಾರೆ. ಪ್ರಶ್ನೆ ಕೇಳುತ್ತಾರೆ, ಮಸೂದೆ ಮಂಡಿಸುತ್ತಾರೆ. ಚೆನ್ನಾಗಿ ನಡೆಸಿದ ಶಾಲೆಗೆ ಬಹುಮಾನ ಬರುತ್ತದೆ.

ಬೇರೆ ದೇಶದಲ್ಲಿ

ಅಮೆರಿಕಾದಲ್ಲಿ ಹೈಸ್ಕೂಲು ಮಕ್ಕಳಿಗೆ ಇಡೀ ದೇಶದ ಮಾತಿನ ಪಂದ್ಯ ಇದೆ. ಅದನ್ನು ನಡೆಸುವ ಸಂಘ 1925ರಲ್ಲಿ ಹುಟ್ಟಿತು. ದೇಶಮಟ್ಟದ ಪಂದ್ಯ 1931ರಲ್ಲಿ ಶುರುವಾಯಿತು. ಮಕ್ಕಳು ಮೊದಲು ತಮ್ಮ ಭಾಗದಲ್ಲಿ ಗೆಲ್ಲಬೇಕು. ಆಮೇಲೆ ದೇಶದ ಪಂದ್ಯಕ್ಕೆ ಬರುತ್ತಾರೆ.

ಅಲ್ಲಿನ ಆಶುಭಾಷಣದಲ್ಲಿ ಮಗು ಮೂರು ಪ್ರಶ್ನೆ ಎತ್ತಿ ಒಂದನ್ನು ಆರಿಸುತ್ತದೆ. ತಯಾರಿಗೆ 30 ನಿಮಿಷ, ಮಾತಿಗೆ 7 ನಿಮಿಷ. ಒಂದು ಬಗೆಯ ಚರ್ಚೆಯಲ್ಲಿ ನಾಣ್ಯ ಚಿಮ್ಮಿ ಪರ, ವಿರೋಧ ನಿಶ್ಚಯಿಸುತ್ತಾರೆ. ಆದ್ದರಿಂದ ಮಕ್ಕಳು ಎರಡೂ ಕಡೆಗೆ ತಯಾರಾಗಿರಬೇಕು. ಬೆಳಿಗ್ಗೆ ಪರವಾಗಿ ಮಾತಾಡಿದವರು ಮಧ್ಯಾಹ್ನ ವಿರೋಧವಾಗಿ ಮಾತಾಡಬೇಕಾದೀತು. ಇದು ಸುಳ್ಳು ಹೇಳುವುದಲ್ಲ. ಎದುರಿನವರ ಜಾಗದಲ್ಲಿ ನಿಂತು ನೋಡುವುದು. ಅತ್ತೆ ಸೊಸೆಯ ಕಡೆಯಿಂದ, ಸೊಸೆ ಅತ್ತೆಯ ಕಡೆಯಿಂದ ಒಂದು ದಿನ ಮಾತಾಡಿದರೆ ಹೇಗಿರುತ್ತದೆ? ಯೋಚಿಸಿ.

ನಮಗೇನು ಉಪಯೋಗ?

"ಇದೆಲ್ಲ ಮಕ್ಕಳಿಗಾಯಿತು. ನಮಗೇನು?" ಅಂತ ಕೇಳಬಹುದು.

ಗ್ರಾಮಸಭೆ ನಮ್ಮದೇ ಸಭೆ. ಅಲ್ಲಿ ಮತದಾರರೆಲ್ಲರೂ ಮಾತಾಡಬಹುದು. 2010ರಿಂದ ನಮ್ಮ ರಾಜ್ಯದ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನ ಹೆಂಗಸರಿಗೆ ಮೀಸಲು. ಕುರ್ಚಿ ಸಿಕ್ಕಿತು. ಬಾಯಿ ಮುಚ್ಚಿ ಕೂತರೆ ಕುರ್ಚಿಯಿಂದ ಏನು ಬಂತು?

ಅಂಕೋಲೆ ಬಡಗೇರಿಯ ಸುಕ್ರಿ ಬೊಮ್ಮಗೌಡರನ್ನು ನೆನೆಯೋಣ. ಅವರು ಹಾಲಕ್ಕಿ ಸಮುದಾಯದ ಹಾಡುಗಾರ್ತಿ. ಶಾಲೆಯ ಓದು ಇರಲಿಲ್ಲ. ಆದರೂ ಸಾರಾಯಿಯ ವಿರುದ್ಧ ಗಟ್ಟಿಯಾಗಿ ಮಾತಾಡಿದರು. ಹೆಂಗಸರನ್ನು ಕೂಡಿಸಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಅವರ ಮಾತು ಉಳಿದಿದೆ.

ಸಭೆಯಲ್ಲಿ ಮಾತಾಡಲು ಮೂರು ವಿಷಯ ನೆನಪಿಟ್ಟರೆ ಸಾಕು. ಏನು ಕಷ್ಟ? ಯಾಕೆ ಮುಖ್ಯ? ಯಾರು, ಯಾವಾಗ, ಏನು ಮಾಡಬೇಕು?

"ಏಪ್ರಿಲ್ ಬಂದರೆ ನಮ್ಮ ಕೇರಿಯ ಬಾವಿ ನೀರು ಉಪ್ಪಾಗ್ತದೆ. ಕುಡಿಯಲು ನೀರಿಲ್ಲದೆ ಮಕ್ಕಳಿಗೆ, ಮುದುಕರಿಗೆ ತ್ರಾಸು. ಪಂಚಾಯತಿಯವರು ಮಾರ್ಚಿಯೊಳಗೆ ನೀರಿನ ವ್ಯವಸ್ಥೆ ಮಾಡಬೇಕು."

ಇಷ್ಟೇ. ಒಂದು ನಿಮಿಷವೂ ಆಗಲಿಲ್ಲ. ಕೂತುಕೊಳ್ಳುವ ಮೊದಲು "ಇದನ್ನು ಪುಸ್ತಕದಲ್ಲಿ ಬರೆದುಕೊಳ್ಳಿ" ಅನ್ನಿ. ಬರೆದದ್ದನ್ನು ಓದಿ ನೋಡಿ. ಈಗ ನಮಗೆ ಓದಲು ಬರ್ತದಲ್ಲ!

ಮಗಳು ತಾಲೂಕಿಗೆ ಹೋಗ್ತೇನೆ ಅಂದರೆ ಕಳಿಸೋಣ. ಜೊತೆಗೆ ಯಾರು ಹೋಗ್ತಾರೆ, ಎಷ್ಟು ಹೊತ್ತಿಗೆ ಬರ್ತಾರೆ ಎಂದು ಶಾಲೆಯಲ್ಲಿ ಕೇಳಿ ತಿಳಿಯೋಣ. ಗೆಲ್ಲಲಿ, ಸೋಲಲಿ. ಹತ್ತು ಜನರ ಮುಂದೆ ನಿಂತು ಕಾರಣ ಕೊಟ್ಟು ಮಾತಾಡಿದ ಹುಡುಗಿಗೆ ನಾಳೆ ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ, ಕಚೇರಿಯಲ್ಲಿ ಬಾಯಿ ಕಟ್ಟೋದಿಲ್ಲ.

ಓದಿ, ಉತ್ತರ ಹೇಳಿ

1. ಭಾಷಣಕ್ಕೂ ಆಶುಭಾಷಣಕ್ಕೂ ಏನು ವ್ಯತ್ಯಾಸ?
2. ಚರ್ಚೆಗೂ ಜಗಳಕ್ಕೂ ಏನು ವ್ಯತ್ಯಾಸ?
3. ಯಂತ್ರದ ಬೋಟುಗಳು ಎಷ್ಟು ದಿನ ಮೀನು ಹಿಡಿಯುವಂತಿಲ್ಲ?

ಕೂಡಿ ಮಾಡಿ

ಕಲಿಕಾ ಕೇಂದ್ರದಲ್ಲಿ ಎರಡು ಗುಂಪಾಗಿ. "ಮದುವೆಗೆ ಸಾಲ ಮಾಡಬಾರದು" ಎಂಬ ಮಾತಿನ ಮೇಲೆ ಪರ, ವಿರೋಧ ಮಾತಾಡಿ. ಒಬ್ಬೊಬ್ಬರಿಗೆ ಎರಡು ನಿಮಿಷ. ಆಮೇಲೆ ಗುಂಪು ಅದಲುಬದಲು ಮಾಡಿ, ಮತ್ತೆ ಮಾತಾಡಿ.