ಮರದ ಗೋಡೆಗೆ ಅಡ್ಡತುಂಡುಗಳ ಆಸರೆ

ಬೀಜ, ಗೊಬ್ಬರ, ಸಲಕರಣೆಗಳನ್ನಿಡಲು ಮರದ ಕಂಬ ನಿಲ್ಲಿಸಿ, ಹಲಗೆ ಹೊಡೆದು ಕೊಠಡಿ ಕಟ್ಟಿಕೊಳ್ಳುವ ರೈತರಿದ್ದಾರೆ. ಇಂತಹ ಗೋಡೆ ಕೆಲವೇ ವರ್ಷಗಳಲ್ಲಿ ಸೊಟ್ಟಗಾಗಿ ಹಲಗೆ ಬಿಡುವುದುಂಟು. ಆಗ ಕಂಬ ಸಣ್ಣದಾಯಿತೆಂದು ಭಾವಿಸಿ ದಪ್ಪ ಮರಕ್ಕೆ ಹಣ ಹಾಕುತ್ತೇವೆ. ಆದರೆ ಅನೇಕ ವೇಳೆ ಕೊರತೆ ಇರುವುದು ಕಂಬದಲ್ಲಲ್ಲ, ಕಂಬಗಳ ನಡುವಿನ ಆಸರೆಯಲ್ಲಿ.

ಕಾರಣವೇನು?

10 ಸೆಂ.ಮೀ. ಅಗಲ, 5 ಸೆಂ.ಮೀ. ದಪ್ಪ, 2.4 ಮೀಟರ್ ಎತ್ತರದ ಕಂಬವನ್ನು ತೆಗೆದುಕೊಳ್ಳಿ. ಚಾವಣಿಯ ಭಾರ ಮೇಲಿನಿಂದ ಒತ್ತಿದಾಗ ಅದು ಬಾಗುವುದು ತೆಳುವಾದ ಕಡೆಗೇ, ಅಂದರೆ ಗೋಡೆಯ ಉದ್ದಕ್ಕೆ. ಆ ಕಡೆಗೆ ಅದರ ಬಿಗಿ ಅಗಲದ ಕಡೆಗಿಂತ ನಾಲ್ಕನೇ ಒಂದು ಭಾಗ ಮಾತ್ರ. ನಡು ಎತ್ತರದಲ್ಲಿ ಅಡ್ಡತುಂಡು ಕೂರಿಸಿದರೆ ಆಸರೆಯಿಲ್ಲದ ಉದ್ದ 1.2 ಮೀಟರಿಗೆ ಇಳಿಯುತ್ತದೆ. ಬಾಗದೆ ಹೊರುವ ಶಕ್ತಿ ಸುಮಾರು ನಾಲ್ಕು ಪಟ್ಟಾಗುತ್ತದೆ. ಮರ ಒಣಗುವಾಗ ತಿರುಚಿಕೊಳ್ಳುವುದೂ ಕಡಿಮೆಯಾಗುತ್ತದೆ. ನೀಲಗಿರಿ ಮರದಲ್ಲಿ ಈ ತಿರುಚು ಹೆಚ್ಚು.

ಕೂರಿಸುವ ಕ್ರಮ

1. ಚೆನ್ನಾಗಿ ಒಣಗಿದ ಮರವನ್ನೇ ಬಳಸಿರಿ. ಹಸಿ ತುಂಡು ಕುಗ್ಗಿ ಸಡಿಲವಾಗುತ್ತದೆ.

2. ಅಳತೆಯನ್ನು ಕಂಬಗಳ ಬುಡದಲ್ಲಿ ತೆಗೆಯಿರಿ. ನಡುವೆ ಕಂಬ ಬಾಗಿದ್ದರೆ ಅಲ್ಲಿಯ ಅಳತೆ ತಪ್ಪುತ್ತದೆ. ಕಂಬಗಳು ನಡುವಿನಿಂದ ನಡುವಿಗೆ 60 ಸೆಂ.ಮೀ. ಅಂತರದಲ್ಲಿದ್ದರೆ ತುಂಡಿನ ಉದ್ದ 55 ಸೆಂ.ಮೀ.

3. ತುಂಡುಗಳನ್ನು ಒಂದು ಮೇಲೆ, ಮುಂದಿನದು ತುಸು ಕೆಳಗೆ ಬರುವಂತೆ ಜೋಡಿಸಿರಿ. ಆಗ ಕಂಬದ ಮೂಲಕ ಮೊಳೆಯನ್ನು ನೇರವಾಗಿ ಹೊಡೆಯಬಹುದು.

4. ಪ್ರತಿ ತುದಿಗೆ 10 ಸೆಂ.ಮೀ. ಉದ್ದದ ಎರಡು ಮೊಳೆ ಸಾಕು. ಗಟ್ಟಿ ಮರವಾದರೆ ಮೊದಲು ಬೈರಿಗೆಯಿಂದ ಮೊಳೆಗಿಂತ ಸಣ್ಣ ತೂತು ಮಾಡಿಕೊಳ್ಳಿ, ತುದಿ ಸೀಳುವುದಿಲ್ಲ.

5. ಸಿಂಪರಣಾ ಯಂತ್ರ ತೂಗುಹಾಕುವ ಎತ್ತರದಲ್ಲಿ ಇನ್ನೊಂದು ತುಂಡು ಕೂರಿಸಿ, ಕೊಕ್ಕೆಯನ್ನು ಅದಕ್ಕೇ ಹೊಡೆಯಿರಿ. 16 ಲೀಟರ್ ಯಂತ್ರದಲ್ಲಿ ತುಂಬಿದ ನೀರೇ 16 ಕಿಲೋ ತೂಗುತ್ತದೆ. ಬರಿಯ ಹಲಗೆ ಅದನ್ನು ಬಹುಕಾಲ ತಡೆಯದು.

ಮರೆಯಬಾರದ ಮಾತು

ಅಡ್ಡತುಂಡುಗಳು ಕಂಬಗಳನ್ನು ಒಂದಕ್ಕೊಂದು ಕಟ್ಟುತ್ತವೆ, ಅಷ್ಟೆ. ಗಾಳಿಗೆ ಎಲ್ಲ ಕಂಬಗಳೂ ಒಟ್ಟಿಗೆ ಒಂದೇ ಕಡೆಗೆ ವಾಲುವುದನ್ನು ಅವು ತಡೆಯಲಾರವು. ಅದಕ್ಕಾಗಿ ಗೋಡೆಯ ಎರಡೂ ಕೊನೆಗಳಲ್ಲಿ ಬುಡದಿಂದ ತಲೆಯವರೆಗೆ ಓರೆಪಟ್ಟಿ ಹೊಡೆಯಲೇಬೇಕು. ಗೋಡೆಗೆ ಒರಗಿಸಿದ ಮೂಟೆಗಳ ಒತ್ತಡಕ್ಕೂ ಅಡ್ಡತುಂಡು ಉತ್ತರವಲ್ಲ. ಮೂಟೆಗಳನ್ನು ಗೋಡೆಯಿಂದ ದೂರ ಒಟ್ಟಿರಿ.

ಕಂಬ ಕೊಯ್ದು ಉಳಿದ ತುಂಡುಗಳೇ ಈ ಕೆಲಸಕ್ಕೆ ಬರುತ್ತವೆ. ಆದರೆ ಹಲಗೆ ಹೊಡೆಯುವ ಮುನ್ನವೇ ಬಡಗಿಗೆ ತಿಳಿಸಿರಿ. ಆಮೇಲೆ ನೆನಪಾದರೆ ಹಲಗೆ ಕೀಳಬೇಕಾದೀತು.